ಮಾವನ ಮನೆತನದ ಹೆಸರು 1842ರ ಹಿಂದೆ ಸಿಗುತ್ತಿಲ್ಲ, ಕ್ವಿಬೆಕ್ ದಾಖಲೆ ಗೊತ್ತಿರುವವರು ದಾರಿ ತೋರಿಸ್ತೀರಾ?

ಮಾಂಟ್ರಿಯಲ್ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಮದುವೆಯಾಗಿ ಹದಿನಾಲ್ಕು ವರ್ಷದಿಂದ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೇನೆ. ಗಂಡನ ಮನೆಯವರು ಫ್ರೆಂಚ್ ಮಾತಾಡುವ ಕ್ವಿಬೆಕ್‌ನವರು. ಮನೆತನದ ಹೆಸರು ದೇಜಾರ್ದಾಂ. ಮೂಲ ಊರು ಸೇಂಟ್ ಲಾರೆನ್ಸ್ ನದಿ ದಡದ ಕಾಮೊರಾಸ್ಕಾ. ಮಾವ ಹೋದ ವರ್ಷ ತೀರಿಕೊಂಡರು. ನನ್ನ ಅಪ್ಪನ ಕಡೆಯ ಏಳು ತಲೆಮಾರಿನ ಹೆಸರು ಮಗಳಿಗೆ ಬಾಯಿಪಾಠ. ಈ ತಾತನ ಕಡೆಯದೂ ಅವಳಿಗೆ ಗೊತ್ತಿರಬೇಕು ಅಂತ ನನ್ನಾಸೆ.

ಅತ್ತೆಯ ಜೊತೆ ಕೂತು ಚರ್ಚಿನ ಮದುವೆ ದಾಖಲೆ ಒಂದೊಂದೇ ಹಿಡಿದು ಹಿಂದಕ್ಕೆ ಹೋದೆ. 1842ರ ಮದುವೆಯವರೆಗೆ ಸಲೀಸು. ಅದರಲ್ಲಿ ವರನ ಅಪ್ಪ ಅಮ್ಮನ ಹೆಸರೂ ಇದೆ. ಆದರೆ ಅವರಿಬ್ಬರ ಮದುವೆ ಎಲ್ಲೂ ಇಲ್ಲ. ಸುತ್ತಲಿನ ಊರುಗಳಲ್ಲೂ ನೋಡಿದೆ. ವರನ ಹೆಸರು ಜೋಸೆಫ್. ಅವನ ಜ್ಞಾನಸ್ನಾನದ (ಮಗುವನ್ನು ಚರ್ಚಿಗೆ ಸೇರಿಸಿ ಹೆಸರಿಡುವ ಶಾಸ್ತ್ರದ) ದಾಖಲೆ ಹುಡುಕಿದರೆ ಪುಟದ ತುಂಬ ಜೋಸೆಫ್‌ಗಳು!

ಒಟ್ಟಾವಾದ ಧಾರವಾಡದವ:
ತಂಗಿ, ದೇಜಾರ್ದಾಂ ಬಿಟ್ಟು 'ರ್ವಾ' ಅಂತ ಹುಡುಕಿ ನೋಡಮ್ಮ. ಬರೆಯುವುದು ಆರ್, ಒ, ವೈ.

ಅಲ್ಲಿ ಹಿಂದೆ ಎಷ್ಟೋ ಮನೆತನಕ್ಕೆ ಎರಡು ಹೆಸರು, ನಡುವೆ 'ದಿ' ಅನ್ನುವ ಪದ. 'ರ್ವಾ ದಿ ದೇಜಾರ್ದಾಂ' ಅಂದರೆ ದೇಜಾರ್ದಾಂ ಎಂದು ಕರೆಸಿಕೊಳ್ಳುವ ರ್ವಾ. ನಮ್ಮ ಜಮೀನು ಪತ್ರದಲ್ಲಿ 'ಉರ್ಫ್', 'ಯಾನೆ' ಅಂತ ಬರೆಯುತ್ತಾರಲ್ಲ, ಹಾಗೆ. ಆದರೆ ಇದು ಮಕ್ಕಳು ಮೊಮ್ಮಕ್ಕಳಿಗೂ ಬರುತ್ತಿತ್ತು. ಒಬ್ಬ ಮಗನ ಕಡೆಯವರು ಮೊದಲ ಹೆಸರು ಉಳಿಸಿಕೊಂಡರೆ, ಇನ್ನೊಬ್ಬನ ಕಡೆಯವರು ಎರಡನೆಯದನ್ನು. ಹೀಗೆ ಅಣ್ಣತಮ್ಮಂದಿರ ವಂಶಕ್ಕೇ ಬೇರೆ ಬೇರೆ ಹೆಸರು.

ಇಂಥ ಎರಡನೇ ಹೆಸರುಗಳಲ್ಲಿ ಬಹಳಷ್ಟು ಸೈನ್ಯದಿಂದ ಬಂದವು. 1665ರಲ್ಲಿ ಕಾರಿಞಾನ್ ಸಾಲಿಯೇರ್ ರೆಜಿಮೆಂಟಿನ ಸುಮಾರು 1200 ಸೈನಿಕರು ಫ್ರಾನ್ಸಿನಿಂದ ಕ್ವಿಬೆಕ್ ಕಡೆಗೆ ಬಂದರು. ಸುಮಾರು 400 ಜನ ಅಲ್ಲೇ ನೆಲೆಸಿದರು. ಅವರಿಗೆ ಲಾಫ್ಲರ್, ಸಾಂಸೂಸಿ ಇಂಥ ಹೆಸರು: ಹೂವು, ಚಿಂತೆಯಿಲ್ಲದವನು. ಆ ರೆಜಿಮೆಂಟಿನಲ್ಲೇ ಆಂತ್ವಾನ್ ರ್ವಾ ದಿ ದೇಜಾರ್ದಾಂ ಅನ್ನುವವನಿದ್ದ. ಅಷ್ಟೇಕೆ, 1900ರಲ್ಲಿ ಲೆವಿ ಊರಿನಲ್ಲಿ ಮೊದಲ ಸಹಕಾರಿ ಬ್ಯಾಂಕು ಕಟ್ಟಿದ ಆಲ್ಫೋನ್ಸ್ ದೇಜಾರ್ದಾಂ ಇದ್ದಾರಲ್ಲ, ಅವರ ಅಪ್ಪನೂ ರ್ವಾ ದಿ ದೇಜಾರ್ದಾಂ. ಅಮ್ಮ ಮಿವಿಲ್ ದಿ ದೆಶೆನ್. ಎರಡೂ ಕಡೆ ಜೋಡಿ ಹೆಸರು.

ಇನ್ನೊಂದು ಮಾತು. ಗಂಡನ ಹೆಸರು ಕೈಕೊಟ್ಟಾಗ ಹೆಂಡತಿಯದನ್ನು ಹಿಡಿಯಿರಿ. ಆ ರಿಜಿಸ್ಟರುಗಳಲ್ಲಿ ಹೆಣ್ಣು ಮಗಳು ಮದುವೆಯಾದ ಮೇಲೂ ತವರಿನ ಹೆಸರಲ್ಲೇ ಇರುತ್ತಾಳೆ, ಮಣ್ಣು ಮಾಡಿದ ದಾಖಲೆಯಲ್ಲೂ.

ಕ್ವಿಬೆಕ್ ಕನ್ನಡತಿ:
ಜೋಸೆಫ್ ಬಗ್ಗೆ: ಗಂಡುಮಗುವಿಗೆ ಜೋಸೆಫ್, ಹೆಣ್ಣುಮಗುವಿಗೆ ಮರೀ (ಅಂದರೆ ಮೇರಿ) ಅಂತ ಹೆಸರಿನ ಮುಂದೆ ಸೇರಿಸುವುದು ಅಲ್ಲಿನ ಕ್ಯಾಥೊಲಿಕ್ ರೂಢಿಯಾಗಿತ್ತು. ಮನೆಯಲ್ಲಿ ಕರೆಯುತ್ತಿದ್ದದ್ದು ಸಾಮಾನ್ಯವಾಗಿ ಮಗುವಿಗೆ ಇಟ್ಟ ಹೆಸರುಗಳಲ್ಲಿ ಕೊನೆಯದರಿಂದ. ಬೇರೆ ದಾಖಲೆಗಳಲ್ಲಿ ನಿಮ್ಮ ಜೋಸೆಫ್‌ಗೆ ಅಂಥ ಇನ್ನೊಂದು ಹೆಸರು ಇದೆಯಾ ನೋಡಿ.

ಮಾಂಟ್ರಿಯಲ್ ಸೊಸೆ:
ಅಣ್ಣ, ಸಿಕ್ಕಿತು! ಜೋಸೆಫ್‌ನ ಅಮ್ಮನ ತವರಿನ ಹೆಸರು ಹಿಡಿದು ಹೋದೆ. 1813ರ ಮದುವೆ. ವರ ಬರೀ ರ್ವಾ, ದೇಜಾರ್ದಾಂ ಅನ್ನುವ ಮಾತೇ ಇಲ್ಲ. ವಧೂವರರಿಬ್ಬರಿಗೂ ಸಹಿ ಹಾಕಲು ಬರುವುದಿಲ್ಲ ಅಂತ ಕೊನೆಯಲ್ಲಿ ಪಾದ್ರಿ ಬರೆದಿದ್ದಾರೆ. ಅತ್ತೆ ಆ ಸಾಲು ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಮ್ಮ ಹೆಸರು ಹೇಗೆ ಬರೆದಿದ್ದಾರೆ ಅಂತ ಆ ಇಬ್ಬರಿಗೂ ಓದಿ ನೋಡಲು ಆಗುತ್ತಿರಲಿಲ್ಲ ಅಲ್ವಾ? ಬರೆದವರು ಪಾದ್ರಿ. ಒಬ್ಬರು ರ್ವಾ ಅಂದರು, ಮುಂದಿನವರು ದೇಜಾರ್ದಾಂ ಅಂದರು.

'ಮೂರನೇ ಡಿಗ್ರಿ ಸಂಬಂಧಕ್ಕೆ ವಿನಾಯಿತಿ' ಅಂತಲೂ ಇದೆ. ಹಾಗಂದ್ರೆ ಏನು?

ಒಟ್ಟಾವಾದ ಧಾರವಾಡದವ:
ತುಂಬಾ ಸಂತೋಷ ಆಯ್ತಮ್ಮ. ಮೂರನೇ ಡಿಗ್ರಿ ಅಂದರೆ ಇಬ್ಬರಿಗೂ ಒಂದೇ ಮುತ್ತಜ್ಜ ಮುತ್ತಜ್ಜಿ. ಅಂಥ ನೆಂಟರು ಮದುವೆಯಾಗಲು ಚರ್ಚಿನ ಒಪ್ಪಿಗೆ ಬೇಕಿತ್ತು. ಇದು ನಿಮಗೆ ಒಳ್ಳೆಯದೇ. ವರನ ಕಡೆ ದಾರಿ ಮುಚ್ಚಿದರೆ ವಧುವಿನ ಕಡೆಯಿಂದ ಹತ್ತಿ, ಮೂರು ಮೆಟ್ಟಿಲು ಮೇಲೆ ಅದೇ ಗಂಡ ಹೆಂಡತಿ ಸಿಗುತ್ತಾರೆ.