ಗಂಡನಿಗೆ ಪಿಎಫ್‌ಒ (ಹೃದಯದ ಮೇಲಿನ ಎರಡು ಕೋಣೆ ನಡುವೆ ಹುಟ್ಟಿನಿಂದ ಮುಚ್ಚದೆ ಉಳಿದ ತೂತು) ಇದೆಯಂತೆ, ಡೈವಿಂಗ್ ಬಿಡಿಸ್ಬೇಕಾ? ಅನುಭವ ಇದ್ದವ್ರು ಹೇಳಿ

ಹೊನ್ನಾವರದಾಕೆ:
ನಮ್ಮೆಜಮಾನ್ರು ಬಾಂಬೆ ಹೈ ಅನ್ನೋ ಸಮುದ್ರದ ಎಣ್ಣೆ ಬಾವಿಗಳಲ್ಲಿ ಏರ್ ಡೈವರ್ (ಗಾಳಿ ಉಸಿರಾಡ್ತಾ ನೀರಡಿ ಕೆಲ್ಸ ಮಾಡೋರು), 9 ವರ್ಷ ಆಯ್ತು. ಹೋದ ತಿಂಗಳು 38 ಮೀಟರಿಂದ ಮೇಲೆ ಬಂದು ಅರ್ಧ ಗಂಟೆಗೆ ಮಾತು ತೊದಲಿ ಬಲಗೈ ಜೋಮು ಹಿಡೀತಂತೆ, ಚೇಂಬರಿಗೆ (ಒತ್ತಡದಲ್ಲಿ ಆಕ್ಸಿಜನ್ ಕೊಡೋ ಕೋಣೆ) ಹಾಕಿದ್ಮೇಲೆ ಸರಿಹೋಯ್ತು. ಬಬಲ್ ಎಕೋದಲ್ಲಿ (ರಕ್ತಕ್ಕೆ ಸಣ್ಣ ಗುಳ್ಳೆ ಬಿಟ್ಟು ಹೃದಯದ ಸ್ಕ್ಯಾನ್) ಪಿಎಫ್‌ಒ ಸಿಕ್ಕಿದೆ. ಮುಚ್ಚಿಸೋದಾ, ಕೆಲ್ಸ ಬಿಡಿಸೋದಾ?

ಕಾಳಿನದಿ:
ನಾನು ಮುಚ್ಚಿಸ್ಕೊಂಡವನು, ಇವತ್ತೂ ನೀರಿಗೆ ಇಳೀತೀನಿ. ಒಟ್ಟು 3 ಲಕ್ಷ 42 ಸಾವಿರ ಬಿತ್ತು, ಅದ್ರಲ್ಲಿ ತೂತು ಮುಚ್ಚೋ ಡಿವೈಸಿಗೇ 1 ಲಕ್ಷ 80 ಸಾವಿರ, ಇನ್ಶೂರೆನ್ಸಿನವ್ರು ಹುಟ್ಟಿನಿಂದ ಇದ್ದಿದ್ದು ಅಂತ ಒಂದು ರುಪಾಯಿ ಕೊಡ್ಲಿಲ್ಲ, ಅಮ್ಮನ ಬಳೆ ಸೊಸೈಟಿಲಿ ಅಡ ಇಟ್ಟೆ. ಆರು ತಿಂಗಳು ರಕ್ತ ತೆಳು ಮಾಡೋ ಮಾತ್ರೆ, ಶೇವ್ ಮಾಡುವಾಗ ಕೊಯ್ದ್ರೆ ನಿಲ್ತಿರ್ಲಿಲ್ಲ. ಏಳನೇ ತಿಂಗಳು ಮತ್ತೆ ಬಬಲ್ ಎಕೋ, ಇನ್ನೂ ಸ್ವಲ್ಪ ಸೋರ್ತಿದೆ ಅಂದ್ರು, ಮತ್ತೆ ನಾಲ್ಕು ತಿಂಗಳು ಮನೇಲಿ. ಹನ್ನೊಂದು ತಿಂಗಳ ದುಡಿಮೆ ಹೋಯ್ತು. ಆದ್ರೆ ಮೇಲೆ ಬರುವಾಗ ರಕ್ತದಲ್ಲಿ ಏಳೋ ನೈಟ್ರೋಜನ್ ಗುಳ್ಳೆ, ಶ್ವಾಸಕೋಶದಲ್ಲಿ ಸೋಸಿ ಹೋಗ್ಬೇಕಾದ್ದು, ಆ ತೂತಿನ ಅಡ್ಡದಾರಿ ಹಿಡ್ದು ಮೆದುಳಿಗೆ ಹೋಗೋದು ನಿಂತಿತು. ಮುಚ್ಸಿ.

ಸುರಂಗದವ:
ತೂತು ಮುಚ್ಚಿದ್ರೆ ಮುಗೀತು ಅನ್ನೋದು ಶುದ್ಧ ತಪ್ಪು. ನಂಗೆ ತೂತೇ ಇಲ್ಲ, ಎರಡು ಸಲ ಟೆಸ್ಟ್ ಆಗಿದೆ. ಮೆಟ್ರೊ ಸುರಂಗದಲ್ಲಿ ಟಿಬಿಎಂ (ಸುರಂಗ ಕೊರೆಯೋ ಯಂತ್ರ) ಮುಂದೆ ಕಟರ್ ಬದಲಾಯ್ಸೋ ಕೆಲ್ಸ, 2.4 ಬಾರ್ ಒತ್ತಡದ ಗಾಳಿ. ಅವತ್ತು ಶಿಫ್ಟ್ ಲೇಟು ಅಂತ ಲಾಕಲ್ಲಿ (ಹೊರಗೆ ಬರುವಾಗ ಒತ್ತಡ ನಿಧಾನಕ್ಕೆ ಇಳಿಸೋ ಕೋಣೆ) ಕೂರೋ ಟೈಮಲ್ಲಿ 20 ನಿಮಿಷ ಕಡಿಮೆ ಮಾಡಿದ್ರು. ರಾತ್ರಿ ಮನೆಯೆಲ್ಲ ಗಿರ್ರಂತ ತಿರುಗ್ತು, ವಾಂತಿ, ನಿಲ್ಲೋಕಾಗ್ಲಿಲ್ಲ. ಹತ್ರದ ಕ್ಲಿನಿಕ್ಕಲ್ಲಿ ಕಿವಿ ಪ್ರಾಬ್ಲಂ ಅಂತ ಮಾತ್ರೆ ಕೊಟ್ಟು ಕಳ್ಸಿದ್ರು, ಎರಡು ದಿನ ಹಾಳು. ಆಮೇಲೆ ಚೇಂಬರಲ್ಲಿ ಟೇಬಲ್ 6 ಅನ್ನೋ ಚಿಕಿತ್ಸೆ, ನೀರಲ್ಲಿ 18 ಮೀಟರ್ ಆಳದಷ್ಟು ಒತ್ತಡ ಕೊಟ್ಟು ಆಕ್ಸಿಜನ್, 4 ಗಂಟೆ 45 ನಿಮಿಷ. ಅದಾದ್ಮೇಲೆ ಚಿಕ್ಕ ಸಿಟ್ಟಿಂಗ್ ಆರು, ಒಂದೊಂದಕ್ಕೆ 7,500, ಟ್ಯಾಕ್ಸಿ ಬೇರೆ. ಎಂಆರ್‌ಐಲಿ ಬಿಳಿ ಚುಕ್ಕೆ ಉಳ್ಕೊಂಡಿವೆ, ಗೊತ್ತಿರೋರ ಹೆಸರೇ ಮರೆತೋಗತ್ತೆ. ಈಗ ಸ್ಟೋರಲ್ಲಿದೀನಿ, ಸಂಬಳ ಅರ್ಧ. ಬಿಡ್ಸಿ ಅಕ್ಕಾ.

ಕಾಳಿನದಿ:
ಅದು ಲಾಕ್ ನೋಡ್ಕೊಳ್ಳೋನ ತಪ್ಪು ಮಾರಾಯ. ನೀನ್ಯಾಕೆ ಸುಮ್ನೆ ಹೊರಗೆ ಬಂದೆ?

ಸುರಂಗದವ:
ಏಕವಚನ ಬೇಡ. ಕಾಂಟ್ರಾಕ್ಟ್ ಆಳು ಎದುರು ಮಾತಾಡಿದ್ರೆ ಮಾರನೇ ದಿನ ಗೇಟ್ ಪಾಸ್ ಇರಲ್ಲ. ಇನ್ನೊಂದು, ಆಕ್ಸಿಜನ್ ಜಾಸ್ತಿ ಆದ್ರೆ ಮೆದುಳಿನ ರಕ್ತನಾಳ ಕಿರಿದಾಗತ್ತೆ, ಆ ಆರು ಸಿಟ್ಟಿಂಗಲ್ಲೇ ನನ್ ತಲೆ ಕೆಟ್ಟಿದ್ದು ಅನ್ಸತ್ತೆ.

ಚೇಂಬರ್ ಸಿಸ್ಟರ್:
ಹಾಗೆಲ್ಲ ಹೇಳಿ ಜನಾನ ಹೆದರಿಸ್ಬೇಡಿ ಸಾರ್. ಕಿರಿದಾಗೋದು ನಿಜ, ಅದ್ರಿಂದಾನೇ ಬಾವು ಇಳಿಯೋದು, ಆ ಒತ್ತಡದಲ್ಲಿ ಆಕ್ಸಿಜನ್ ಪ್ಲಾಸ್ಮಾದಲ್ಲೇ ಕರಗಿರತ್ತೆ, ರಕ್ತ ಕಡಿಮೆ ಹರಿದ್ರೂ ಮೆದುಳಿಗೆ ಸಾಕಾಗತ್ತೆ. ನಿಮ್ಮನ್ನ ಕೆಡಿಸಿದ್ದು ಆ ಎರಡು ದಿನ. ನಮ್ ಕಥೆ ಯಾರೂ ಕೇಳಲ್ಲ, ಪೇಷಂಟ್ ಮಾಸ್ಕಲ್ಲಿ ಆಕ್ಸಿಜನ್ ಎಳೀತಾನೆ, ಪಕ್ಕ ಕೂತ ನಾವು ಬರೀ ಗಾಳಿ, ನೈಟ್ರೋಜನ್ ಸೇರೋದು ನಮ್ ಮೈಗೆ. ನಂಗೇ ಒಂದ್ಸಲ ಮೊಣಕೈ ನೋವು, ತಲೆ ಮಂಕು ಬಂದು ಅದೇ ಚೇಂಬರಲ್ಲಿ ಪೇಷಂಟಾಗಿ ಮಲಗಿದ್ದೆ, ಮೂರು ದಿನದ ಸಂಬಳ ಕಟ್ಟು. ರಿಸ್ಕ್ ಅಲೋಯನ್ಸ್ ಕೇಳಿ ಎರಡು ವರ್ಷ ಆಯ್ತು.

ಕಾಳಿನದಿ:
ಸಿಸ್ಟರ್, ನಿಮ್ಗೆ ಎಸಿ ಒಳಗೆ ಕೂರೋ ಕೆಲ್ಸ. ನೀರಡಿ ವೆಲ್ಡಿಂಗ್ ಮಾಡ್ತಾ ಏದುಸಿರು ಬಿಟ್ಟು ಸಿಒ2 ಏರಿದಾಗ ತಲೆ ಸಿಡಿಯೋದು ನೋಡಿದೀರಾ?

ಚೇಂಬರ್ ಸಿಸ್ಟರ್:
ಹಾಗೆ ಸಿಡಿದ ತಲೆ ಹಿಡ್ಕೊಂಡು ನಿಮ್ಮಂಥವ್ರು ಬರೋದು ನಮ್ ಹತ್ರಾನೇ. ಮರ್ಯಾದೆಯಿಂದ ಮಾತಾಡಿ.

ಹೊನ್ನಾವರದಾಕೆ:
ಇವ್ರಿಗೆ 12ನೇ ತಾರೀಕಿಗೆ ಬಂದು ಸೇರ್ಕೊಳ್ಳಿ ಅಂತ ಫೋನ್ ಬಂದಿದೆ...

ಕಾಳಿನದಿ:
12ಕ್ಕೆ ಕಳಿಸ್ಬೇಡಿ. ಮುಚ್ಚಿಸ್ದೆ ಇಳಿಯೋದೇ ಬೇಡ. ನನ್ ಬಿಲ್ಲೆಲ್ಲ ಇದೆ, ಇನ್‌ಬಾಕ್ಸ್ ಮಾಡ್ತೀನಿ.