ಇಬ್ಬರು ಕಂಟ್ರಾಕ್ಟರ್, ಎರಡು ರೇಟ್: ಯಾರಿಗೆ ಮನೆ ಕೆಲಸ ಕೊಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕೊಡಗಿನ ಮಾದಾಪುರದ ಹತ್ತಿರ. ಹಳೇ ಹೆಂಚಿನ ಮನೆ ಪಕ್ಕದಲ್ಲೇ 1,200 ಚದರಡಿಯ ಹೊಸ ಮನೆ ಕಟ್ಟಬೇಕು. ಜಾಗ ಇಳಿಜಾರು, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. ಮೆಟೀರಿಯಲ್ ಸೇರಿ ಒಬ್ಬರು ಚದರಡಿಗೆ 1,900 ರೂಪಾಯಿ ಹೇಳಿದ್ದಾರೆ, ಇನ್ನೊಬ್ಬರು 2,350. ಕಡಿಮೆ ಹೇಳಿದವರು ಅರ್ಧ ದುಡ್ಡು ಮೊದಲೇ ಕೇಳುತ್ತಿದ್ದಾರೆ. ಕಾಫಿ ಮಾರಿ ಕೂಡಿಟ್ಟ ದುಡ್ಡು ಸರ್. ಯಾರನ್ನು ನಂಬಲಿ?

ಉತ್ತರ (ಸಿವಿಲ್ ಎಂಜಿನಿಯರ್, ಮಡಿಕೇರಿ): ಅಕ್ಕ, ರೇಟ್ ಆಮೇಲೆ ನೋಡೋಣ. ನೀವು ಕಟ್ಟಿ ಮೂರು ಮಳೆಗಾಲ ಕಳೆದ ಮನೆ ತೋರಿಸಿ ಅಂತ ಇಬ್ಬರಿಗೂ ಕೇಳಿ. ಗೃಹಪ್ರವೇಶದ ದಿನ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಆದರೆ ನೀವು ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು), ಮಳೆ ಸುರಿಯುವಾಗಲೇ ಹೋಗಿ. ಗಾಳಿಮಳೆ ಹೊಡೆಯುವ ಕಡೆಯ ಗೋಡೆಗೆ ಒಳಗಿನಿಂದ ಕೈಯಿಟ್ಟು ನೋಡಿ. ಕಿಟಕಿಯ ಮೂಲೆ, ಮೋಲ್ಡ್ (ಕಾಂಕ್ರೀಟ್ ಛಾವಣಿ) ಮತ್ತು ಗೋಡೆ ಸೇರುವ ಜಾಗ, ಬಚ್ಚಲಿನ ಹಿಂದಿನ ಗೋಡೆ, ಇಲ್ಲೆಲ್ಲ ತೇವ ಇದೆಯಾ ನೋಡಿ. ಮನೆಯವರ ಜೊತೆ ಒಂದು ಕಾಫಿ ಕುಡಿಯಿರಿ. ಸೋರಿದಾಗ ಫೋನ್ ಮಾಡಿದರೆ ಕಂಟ್ರಾಕ್ಟರ್ ಬಂದರಾ ಅಂತ ಕೇಳಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಇನ್ನು ರೇಟ್. ಆ 1,900ರಲ್ಲಿ ಏನೇನು ಸೇರಿದೆ? ನಮ್ಮ ಕಡೆ ದುಡ್ಡು ನುಂಗುವುದು ಮನೆಗಿಂತ ಅದರ ಸುತ್ತಲಿನ ಕೆಲಸ. ಬರೆ ತೆಗೆಯುವುದು, ತಡೆಗೋಡೆ, ಚರಂಡಿ, ರಸ್ತೆಯಿಂದ ಜಲ್ಲಿ ಮರಳು ಒಳಗೆ ಸಾಗಿಸುವುದು, ಇದು ಯಾವುದೂ ಚದರಡಿ ಲೆಕ್ಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮೇ ತಿಂಗಳಲ್ಲಿ ಜೆಸಿಬಿ ತಂದು ಬರೆಯನ್ನು ನೇರ ಗೋಡೆಯ ಹಾಗೆ ಕಡಿದರು. ತಡೆಗೋಡೆ ಆಮೇಲೆ ನೋಡೋಣ ಅಂದರು. ಜೂನ್ ಮಳೆಗೆ ಮಣ್ಣು ಅಡುಗೆಮನೆ ಬಾಗಿಲಿಗೆ ಬಂತು. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ ಹೀಗೆ ಮಾಡುವವರಿದ್ದಾರಲ್ಲ ಅಂತ ಹೊಟ್ಟೆ ಉರಿಯುತ್ತದೆ. ಬರೆಗೆ ಏನು ಮಾಡ್ತೀರಿ ಅಂತ ಇಬ್ಬರನ್ನೂ ಕೇಳಿ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತೇನೆ, ತಡೆಗೋಡೆಗೆ ನೀರು ಹೊರಬರುವ ಪೈಪ್ ಇಡುತ್ತೇನೆ, ಅದರ ಹಿಂದೆ ಜಲ್ಲಿ ತುಂಬುತ್ತೇನೆ ಅನ್ನುವವರಿಗೆ ಕೆಲಸ ಗೊತ್ತಿದೆ. "ಏನೂ ಆಗಲ್ಲ ಬಿಡಿ" ಅಂದವರನ್ನು ಬಿಟ್ಟುಬಿಡಿ.

ಅರ್ಧ ದುಡ್ಡು ಮುಂಚೆ ಕೊಡಲೇಬೇಡಿ. ಶುರುವಿಗೆ ನೂರಕ್ಕೆ ಹತ್ತು ಸಾಕು. ಆಮೇಲೆ ಪಾಯ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ), ಮೋಲ್ಡ್, ಪ್ಲಾಸ್ಟರ್, ಒಂದೊಂದು ಹಂತ ಮುಗಿದ ಮೇಲೆ ಕೊಡಿ. ಕೊನೆಯ ನೂರಕ್ಕೆ ಐದನ್ನು ಮೊದಲ ಮಳೆಗಾಲ ದಾಟುವವರೆಗೆ ಇಟ್ಟುಕೊಳ್ಳಿ. ಇದನ್ನು ಮೊದಲೇ ಮಾತಾಡಿ ಒಪ್ಪಿಸಿ.

ಪ್ರಶ್ನೆ: ಕಡಿಮೆ ಹೇಳಿದವರು ನಮ್ಮ ಸಂಬಂಧಿಕರೇ ಸರ್. ಅಗ್ರಿಮೆಂಟ್ ಅಂದರೆ ಬೇಜಾರು ಮಾಡ್ಕೊಳ್ತಾರೆ.

ಉತ್ತರ: ಸಂಬಂಧಿಕರಾದರೆ ಬರವಣಿಗೆ ಇನ್ನೂ ಜಾಸ್ತಿ ಬೇಕು ಅಕ್ಕ. ಮುಂದೆ ಮದುವೆ, ತಿಥಿಯಲ್ಲಿ ಮುಖ ನೋಡಬೇಕಲ್ವಾ? "ಬ್ಯಾಂಕ್ ಲೋನಿಗೆ ಹೋದರೂ ಇದನ್ನೆಲ್ಲ ಕೇಳ್ತಾರೆ, ಬರೆದಿಡೋಣ" ಅನ್ನಿ. ಸಿಮೆಂಟ್, ಕಂಬಿಯ ಕಂಪನಿ, ಕಂಬಿಯ ಸೈಜ್, ಟೈಲ್ಸ್ ರೇಟ್, ಮುಗಿಸುವ ತಿಂಗಳು, ಎಲ್ಲ ಬರೆಯಿರಿ. ಮೋಲ್ಡ್ ಹಾಕಿದ ಮೇಲೆ ಕಟ್ಟೆ ಕಟ್ಟಿ ಕನಿಷ್ಠ ಹತ್ತು ದಿನ ಅದರ ಮೇಲೆ ನೀರು ನಿಲ್ಲಿಸುವುದು ಯಾರ ಜವಾಬ್ದಾರಿ ಅನ್ನುವುದನ್ನೂ ಬರೆಯಿರಿ. ಆ ವಿಷಯಕ್ಕೇ ಎಷ್ಟೋ ಜಗಳ ಆಗುತ್ತದೆ.

ಪ್ರಶ್ನೆ (ಇನ್ನೊಬ್ಬರು, ಗೋಣಿಕೊಪ್ಪ): ಕೆಲಸ ಯಾವಾಗ ಶುರು ಮಾಡಿದರೆ ಒಳ್ಳೆಯದು ಸರ್?

ಉತ್ತರ: ಪುತ್ತರಿ (ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಪಾಯ ತೆಗೆಯಿರಿ, ಮೇ ಮಧ್ಯದೊಳಗೆ ಮೋಲ್ಡ್ ಆಗಬೇಕು. ಆದರೆ ಜನವರಿ, ಫೆಬ್ರವರಿಯಲ್ಲಿ ಕಾಫಿ ಕುಯ್ಲು, ಕೆಲಸಕ್ಕೆ ಜನ ಸಿಗುವುದು ಕಷ್ಟ. ಆ ಎರಡು ತಿಂಗಳು ನಿಮ್ಮ ಹತ್ತಿರ ಎಷ್ಟು ಜನ ಇರ್ತಾರೆ, ಎಲ್ಲಿಯವರು ಅಂತ ಕಂಟ್ರಾಕ್ಟರ್ ಬಾಯಿಂದಲೇ ಹೇಳಿಸಿ.