ಅಳತೆಯಲ್ಲಿ ಮುಂದಿರುವ ಆಂಪ್ ಕಿವಿಗೆ ಯಾಕೆ ಸಪ್ಪೆ?

ವಿರಾಜಪೇಟೆ_ಕೇಳುಗ:
ಹೊಸ ಆಂಪ್ಲಿಫೈಯರ್ ತಂದು ಮೂರು ವಾರ ಆಯಿತು. ಅಳತೆ ನೋಡಿಯೇ ತಗೊಂಡೆ, ಸಿನಾಡ್ (ದನಿಗೆ ಸೇರುವ ಗದ್ದಲ, ವಿಕೃತಿ ಎಷ್ಟು ಕಡಿಮೆ ಅಂತ ತೋರಿಸುವ ಅಂಕಿ, ಜಾಸ್ತಿ ಇದ್ದಷ್ಟು ಒಳ್ಳೆಯದು) 110 ಡೆಸಿಬಲ್. ಹಳೆಯದು 80ರ ಹತ್ತಿರ. ಆದರೆ ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ನಾನೇ ರೆಕಾರ್ಡ್ ಮಾಡಿದ ದುಡಿಕೊಟ್ಟ್ ಪಾಟ್ (ದುಡಿ ಎಂಬ ಚಿಕ್ಕ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವ ಹಾಡು) ಹಾಕಿದರೆ ಹಳೆಯದರಲ್ಲೇ ಜೀವ ಜಾಸ್ತಿ ಇದೆ. ಹಾಡುವವರ ಪಕ್ಕದಲ್ಲೇ ಕೂತಿದ್ದೆ, ದುಡಿಯ ಪೆಟ್ಟು ಹೇಗಿತ್ತು ಅಂತ ಚೆನ್ನಾಗಿ ನೆನಪಿದೆ. ಈಗ ಅಳತೆ ನಂಬಲಾ, ಕಿವಿ ನಂಬಲಾ?

ಕಾಫಿತೋಟ:
ಎರಡರ ವಾಲ್ಯೂಮ್ ಸಮ ಮಾಡಿದ್ದೀರಾ? ಒಂದು ಚೂರು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನಿಸುತ್ತದೆ, ಎಲ್ಲರಿಗೂ. ನಾಬ್ ನೋಡಿ ಸಮ ಮಾಡಬೇಡಿ. 100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ತುದಿಗೆ ಮಲ್ಟಿಮೀಟರ್ ಹಿಡಿದು, ಒಂದರಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲೂ 1.98ಕ್ಕೆ ಇಳಿಯದ, 2.02 ದಾಟದ ಹಾಗೆ ನೋಡಿಕೊಳ್ಳಿ, ಆಗ ವ್ಯತ್ಯಾಸ 0.1 ಡೆಸಿಬಲ್ ಒಳಗೆ ಬರುತ್ತದೆ. ಆಮೇಲೆ ಯಾವುದು ಓಡುತ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಮನೆಯವರು ಬದಲಿಸಲಿ. 16 ಸಲ ಕೇಳಿ. 12 ಸರಿ ಹೇಳಿದರೆ ನಿಮ್ಮ ಕಿವಿಯ ಮಾತು ಒಪ್ಪುತ್ತೇನೆ. ಸುಮ್ನೆ ಊಹಿಸಿ ಅಷ್ಟು ಸರಿ ಹೇಳುವುದು ನೂರಕ್ಕೆ ನಾಲ್ಕು ಸಲವೂ ಆಗುವುದಿಲ್ಲ. ಅಂದಹಾಗೆ ಸಿನಾಡ್ 80 ಅಂದರೆ ಕಲಬೆರಕೆ ಹತ್ತು ಸಾವಿರಕ್ಕೆ ಒಂದು ಪಾಲು, ಹಾಡಿನ ನಡುವೆ ಅದು ಕೇಳಿಸುವುದೇ ಕಷ್ಟ.

ಮಡಿಕೇರಿ_ವಾಲ್ವ್:
ಸಿನಾಡ್ ಒಂದನ್ನೇ ಹಿಡಿದು ಮಾತಾಡುವುದು ನನಗೆ ಒಪ್ಪಿಗೆ ಇಲ್ಲ. ಹಳೆಯದು ವಾಲ್ವ್ (ಗಾಜಿನ ನಿರ್ವಾತ ಕೊಳವೆಯ) ಆಂಪಾ? ಹಾಗಿದ್ದರೆ ಅದರ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಜಾಸ್ತಿ ಇರುತ್ತದೆ. ಸ್ಪೀಕರ್‌ನ ಇಂಪೀಡೆನ್ಸ್ ಯಾವ ಸ್ವರಕ್ಕೆ ಏರುತ್ತದೋ ಅಲ್ಲಿ ದನಿಯೂ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಒಂದೆರಡು ಡೆಸಿಬಲ್ ವ್ಯತ್ಯಾಸ ಬಂದರೆ ಕಿವಿಗೆ ಖಂಡಿತ ಸಿಗುತ್ತದೆ. ಅಂಥದ್ದನ್ನು ಮೊದಲು ಹಿಡಿಯುವುದು ಕಿವಿಯೇ, ಎಲ್ಲಿ ಅಳೆಯಬೇಕು ಅಂತ ತೋರಿಸುವುದೂ ಅದೇ.

ಸೋಮವಾರಪೇಟೆ:
ಸ್ಪೀಕರ್ ಮೂಲೆಯಲ್ಲಿ ಇದೆಯಾ? ಕೋಣೆ 4 ಮೀಟರ್ ಉದ್ದ ಇದ್ದರೆ 43 ಹರ್ಟ್ಸ್ ಸುತ್ತ ಬಾಸ್ ಊದಿಕೊಳ್ಳುತ್ತದೆ, ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ, ದುಡಿಯ ಪೆಟ್ಟು ಅದರಡಿ ಮುಚ್ಚಿಹೋಗುತ್ತದೆ. ಕೋಣೆಯ ದನಿ ಅಳೆಯುವ ಸಾಫ್ಟ್‌ವೇರ್ ರೂಮ್ ಇಕ್ಯು ವಿಝಾರ್ಡ್ ಉಚಿತ, ಒಂದು ಅಳತೆ ಮೈಕ್ ಸಿಕ್ಕಿದರೆ ನೋಡಿಬಿಡಿ.

ವಿರಾಜಪೇಟೆ_ಕೇಳುಗ:
ವಾಲ್ವ್ ಅಲ್ಲ, ಟ್ರಾನ್ಸಿಸ್ಟರ್. ಮೊದಲು ಹಳೆಯದು ಜೋರಾಗಿಯೇ ಇತ್ತು. ಸಮ ಮಾಡಿ ತಮ್ಮನ ಕೈಲಿ ಬದಲಿಸಿ ಕೇಳಿದೆ, 16ರಲ್ಲಿ 9 ಸರಿ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆಮೇಲೆ ಸ್ಪೀಕರ್‌ಗಳನ್ನು ಮೂಲೆಯಿಂದ ಎರಡು ಅಡಿ ಈಚೆಗೆ ತಂದೆ. ದುಡಿ ಈಗ ಬಿಡಿಸಿ ಕೇಳುತ್ತಿದೆ, ಎರಡು ಆಂಪಿನಲ್ಲೂ. ಮೈಕ್ ತರಿಸಿದ್ದೇನೆ, ಆದರೆ ಶೀಟಿನ ಮೇಲೆ ಮಳೆ ಹೊಡೆಯುತ್ತಿದೆ, ಈ ಸದ್ದಲ್ಲಿ ಅಳೆದು ಪ್ರಯೋಜನ ಇಲ್ಲ. ಮಳೆ ಬಿಟ್ಟ ದಿನ ಗ್ರಾಫ್ ಹಾಕುತ್ತೇನೆ.